ಸೈರನ್ ಕೂಗಿದ ಮೇಲೆ

ಡಿನ್ನಿ ಹಾಲೊರನ್ ಕಾಲರ್ ಹಿಡಿದು ಎತ್ತಿದ ರಭಸಕ್ಕೆ ನಂದೀಶನ ಹಿಮ್ಮಡಿಗಳೆರಡೂ ನೆಲ ಬಿಟ್ಟವು. ಬೆನ್ನು ಹೋಗಿ ಅಣೆಕಟ್ಟೆಯ ಕಂಟ್ರೋಲ್ ರೂಮಿನ ಕಬ್ಬಿಣದ ಬಾಗಿಲಿಗೆ ಬಡಿಯಿತು. ಎಪ್ಪತ್ತು ದಾಟಿದ ಮುದುಕನ ರಟ್ಟೆಯಲ್ಲಿ ಇಷ್ಟು ಕಸುವಿದ್ದೀತೆಂದು ಅವನು ಎಣಿಸಿರಲಿಲ್ಲ. ಆದರೆ ಐರ್ಲೆಂಡಿನ ಹೊಳೆಯಲ್ಲಿ ಜೀವಮಾನವೆಲ್ಲ ಸಾಲ್ಮನ್ ಮೀನುಗಳ ಜೊತೆ ಜಗ್ಗಾಡಿದವನಿಗೆ ಮಂಡ್ಯ ಕಡೆಯ ಒಬ್ಬ ಇಂಜಿನಿಯರು ಏನು ಮಹಾ ಭಾರ.

“ಹೋದ ತಿಂಗಳು ನನ್ನ ನಾಯೀನ ಮುಳುಗಿಸಿದೆ. ಇನ್ನು ಯಾರನ್ನ ಮುಳುಗಿಸಬೇಕು ಅಂತಿದ್ದೀಯೋ?”

“ನೀರು ಬಿಡೋ ಮುಂಚೆ ಸೈರನ್ ಹಾಕಿದ್ವಿ, ಮಿಸ್ಟರ್ ಹಾಲೊರನ್. ರೂಲ್ ಪ್ರಕಾರ ಹತ್ತು ನಿಮಿಷ ಕಾದೂ ಇದ್ವಿ.”

“ನಾಯಿಗೆ ನಿನ್ನ ರೂಲು ಓದೋಕೆ ಬರಲ್ಲ!”

ಹಾಗೆನ್ನುತ್ತಲೇ ಹಣೆಯಿಂದ ಮುಖಕ್ಕೊಂದು ಗುದ್ದು. ತುಟಿ ಒಡೆಯಿತು. ಡಿನ್ನಿ ಅವನ ಬೂಟಿನ ಮೇಲೆ ಉಗಿದು, ಹಸಿರು ಮಳೆಕೋಟಿನ ಟೋಪಿ ಎಳೆದುಕೊಂಡು ದಡ ಇಳಿದುಹೋದ. ಆ ಕೋಟೂ ಕಂಪನಿಯದೇ. ಪವರ್ ಸ್ಟೇಷನ್ ಶುರುವಾದಾಗ ಊರವರ ಪ್ರೀತಿ ಗಳಿಸಲೆಂದು ಹೊಳೆಯಂಚಿನ ಮನೆಮನೆಗೂ ಹಂಚಿದ್ದರು. ಪ್ರೀತಿ ಸಿಗಲಿಲ್ಲ, ಕೋಟು ಮಾತ್ರ ಗಟ್ಟಿಯಾಗಿತ್ತು.

ನಂದೀಶ ಒಳಗೆ ಹೋಗಿ ರಕ್ತ ತೊಳೆದುಕೊಂಡು ಕುಳಿತ. ಈ ವಯಸ್ಸಿನವರೆಗೆ ಯಾರ ಮೇಲೂ ಕೈಯೆತ್ತದ ಅವನ ಮನಸ್ಸು ಡಿನ್ನಿಯನ್ನು ನಾಲ್ಕಾರು ಬಗೆಯಲ್ಲಿ ಕೊಂದು ನೋಡಿತು. ಕೊನೆಯದು ತಕ್ಕಮಟ್ಟಿಗೆ ಹಿತವೆನಿಸಿತು.

ಅಷ್ಟರಲ್ಲಿ ಅಮ್ಮನ ಫೋನು. ಮೂರು ತಿಂಗಳ ವೀಸಾದಲ್ಲಿ ಬಂದ ತುಂಗಮ್ಮ ಸೇತುವೆಯಾಚೆಯ ಬಾಡಿಗೆ ಮನೆಯಲ್ಲಿದ್ದರು. ಸೊಸೆ ಲಿಮೆರಿಕ್‌ನ ಆಸ್ಪತ್ರೆಗೆ ಕೆಲಸಕ್ಕೆ ಹೋದರೆ ಅವರಿಗೆ ಮಾತಿಗೆ ಗೋಡೆಗಳೇ ಗತಿ.

“ಮಗ, ಇವತ್ತು ನೀರು ಬಿಡ್ತೀರಾ?”

“ಇಲ್ಲಮ್ಮ. ಗಾಳಿ ಜೋರೈತೆ, ಮಿಷನ್ ಓಡ್ಸಲ್ಲ.”

“ಹಂಗಾದ್ರೆ ಗಂಗಮ್ಮನಿಗೆ ಬಾಗಿನ ಬಿಟ್ಬುಡಾನ ಬಾರೋ.”

“ಭಾನುವಾರ ನಾನೇ ಕರ್ಕೊಂಡೋಗ್ತೀನಿ ಅಂದ್ನಲ್ಲ.”

“ಭಾನುವಾರ ಯಾವ ಗಂಗಮ್ಮ ಬಾಗಿನ ಇಸ್ಕೊಂತಾಳೋ? ಇವತ್ತು ಶುಕ್ರವಾರ ಕಣಪ್ಪ.”

ತುಟಿ ಉರಿಯುತ್ತಿತ್ತು. ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟ. ಬಾಗಿನದ ವಿಷಯದಲ್ಲಿ ಅಮ್ಮನೊಡನೆ ವಾದಿಸಿ ಗೆದ್ದವರಿಲ್ಲ. ಅಪ್ಪ ಟರ್ಬೈನ್ ಆಪರೇಟರ್ ಆಗಿದ್ದವರು. ತುಂಗಮ್ಮ ಬಾಳಿದ್ದೆಲ್ಲ ಊರ ಕಡೆಯ ಅಣೆಕಟ್ಟೆಯ ಪಕ್ಕದ ಪವರ್‌ಹೌಸ್ ಕಾಲೊನಿಯಲ್ಲಿ. ಅಲ್ಲಿ ಸೈರನ್ ಕೂಗಿದರೆ ಶಿಫ್ಟ್ ಬಿಟ್ಟಿತೆಂದು ಅರ್ಥ. ಕಾಲೊನಿಯ ಹೆಂಗಸರೆಲ್ಲ ಆ ಸದ್ದಿಗೆ ಒಲೆ ಹೊತ್ತಿಸಿ ಸಾರು ಬಿಸಿಗಿಡುತ್ತಿದ್ದರು. ಗಂಡ ತೀರಿಹೋದ ಮೇಲೂ ಆ ಸದ್ದಿಗೆ ಆಕೆಯ ಕೈ ಬೆಂಕಿಪೊಟ್ಟಣ ಹುಡುಕುತ್ತಿತ್ತು.

ಐರ್ಲೆಂಡಿನ ಕರೆಂಟಿನ ರಾಜಕೀಯ ಬೀಗರ ಮನೆಗಳ ನಡುವಿನ ಪಾತ್ರೆಯ ವ್ಯವಹಾರದಂಥದು. ಗಾಳಿ ಬೀಸಿದ ದಿನ ಗಾಳಿಯಂತ್ರಗಳ ಹೆಚ್ಚಾದ ಕರೆಂಟು ಸಮುದ್ರದಡಿಯ ಕೇಬಲ್ಲಿನಲ್ಲಿ ಬ್ರಿಟನ್ನಿಗೆ ಹೋಗುತ್ತದೆ. ಗಾಳಿ ಬಿದ್ದ ದಿನ ಅದೇ ಕೇಬಲ್ಲಿನಲ್ಲಿ ವಾಪಸು ಕೇಳಬೇಕು, ಮುಖ ಸಣ್ಣದು ಮಾಡಿಕೊಂಡು. ಎರಡೂ ಕಡೆ ಒಟ್ಟಿಗೆ ಗಾಳಿ ಬಿದ್ದರೆ ಮಾತ್ರ ಇಂಥ ಪುಟಾಣಿ ಅಣೆಕಟ್ಟೆಗಳಿಗೆ ಮದುವೆಮನೆಯ ಅಡುಗೆಭಟ್ಟನ ಮರ್ಯಾದೆ.

ಮಧ್ಯಾಹ್ನ ಗಾಳಿ ಬಿದ್ದುಹೋಯಿತು. ಕಂಪನಿಯ ಬ್ಲಾಂಚರ್ಡ್ಸ್‌ಟೌನ್ ಆಫೀಸಿನಲ್ಲಿ ಕರೆಂಟು ಮಾರುವ ಉಲ್ಲಾಸ್ ಸ್ಪೀಕರಿನಲ್ಲಿ ಕೂಗಿದ: “ಸರ್, ಗಾಳಿ ಔಟು! ಬ್ರಿಟನ್ನಲ್ಲೂ ಇಲ್ಲ. ರೇಟ್ ರಾಕೆಟ್ ಆಗೈತೆ. ಫುಲ್ ಲೋಡ್ ಕೊಡಿ, ಮಾರಿಬಿಟ್ಟಿದೀನಿ!”

ನಂದೀಶ ಸೈರನ್ ಒತ್ತಿದ. ಕಣಿವೆ ತುಂಬ ಅದು ಊಳಿಟ್ಟು ಸುಮ್ಮನಾಯಿತು. ಕಾಯಬೇಕಾದಷ್ಟು ಕಾದು ಕ್ಯಾಮೆರಾದ ಪರದೆ ನೋಡಿದ. ನೀರಿಳಿದ ಹೊಳೆಯ ನಟ್ಟನಡುವೆ, ಬಂಡೆಯೊಂದರ ಮೇಲೆ ಹಸಿರು ಮಳೆಕೋಟು ಕೂತಿತ್ತು. ಟೋಪಿ ಮೇಲಕ್ಕೆ, ಬೆನ್ನು ಇತ್ತ ಕಡೆಗೆ.

“ಉಲ್ಲಾಸ್, ಆ ಮುದುಕ ಹೊಳೇಲಿ ಕೂತವನೆ. ಸೈರನ್ ಕೇಳ್ಸಿದ್ರೂ ಏಳ್ತಿಲ್ಲ.”

“ನಾಯಿ ಪಾರ್ಟೀನಾ? ಪ್ರೊಟೆಸ್ಟ್ ಮಾಡ್ತಾವ್ನೆ ಬಿಡಿ ಸರ್. ಕಾಲಿಗೆ ತಣ್ಣಗಾದ್ರೆ ತಾನೇ ಎದ್ದೋಡ್ತಾನೆ. ಇಟ್ಸ್ ಗ್ರ್ಯಾಂಡ್, ಏನೂ ಆಗಲ್ಲ.”

ಮನುಷ್ಯ ಕಂಡರೆ ಗೇಟು ತೆರೆಯಬಾರದು. ಆ ರೂಲು ಅವನ ಕಣ್ಣೆದುರಿನ ಗೋಡೆಯ ಮೇಲೇ ಇತ್ತು. ನಂದೀಶ ನಾಲಿಗೆಯಿಂದ ತುಟಿ ಮುಟ್ಟಿಕೊಂಡ. ಹಳೇ ಕಬ್ಬಿಣದ ರುಚಿ. ಗೇಟನ್ನು ಕಾಲು ಭಾಗ ತೆರೆದ. ಹಸಿರು ಕೋಟು ಅಲ್ಲಾಡಲಿಲ್ಲ. ಅರ್ಧಕ್ಕೆ ಏರಿಸಿದ.

ನೀರು ಗೋಡೆಯ ಹಾಗೆ ಎದ್ದು ಬಂತು. ಮೊದಲ ಬಂಡೆಗಳನ್ನು ನುಂಗಿತು, ದಡದ ಪೊದೆಯೊಂದನ್ನು ಬೇರುಸಮೇತ ಕಿತ್ತು ಮುಂದಕ್ಕೆಸೆಯಿತು. ಹಸಿರು ಕೋಟು ಗಡಬಡಿಸಿ ಎದ್ದಿತು. ಅದೇ ಹೊತ್ತಿಗೆ ಪರದೆಯ ಎಡಗಡೆಯಿಂದ ಇನ್ನೊಂದು ಹಸಿರು ಕೋಟು, ಕೈಯಲ್ಲಿ ಮೀನು ಎಳೆಯುವ ಕೊಕ್ಕೆ ಹಿಡಿದು, ಎದ್ದುಬಿದ್ದು ಓಡಿಬಂತು.

ಬಂಡೆಯ ಮೇಲಿನ ಟೋಪಿ ಜಾರಿತು. ಬಿಳಿ ತುರುಬು ಕಂಡಿತು. ತನ್ನ ಹಸಿರು ಮಳೆಕೋಟು ಮನೆಯ ಗೂಟದಲ್ಲಿ ನೇತಾಡುತ್ತಿದ್ದದ್ದು ನಂದೀಶನಿಗೆ ಆಗ ನೆನಪಾಯಿತು.

ಮಿಷನ್ ನಿಲ್ಲಿಸುವ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದ. ಕೆಳಗೆ ಮಿಷನ್ನು ಕೊರಳು ಸೀಳಿದಂತೆ ಕಿರುಚಿತು. “ಸರ್, ಟ್ರಿಪ್ ಯಾಕಾಯ್ತು? ಸರ್!” ಎಂದು ಉಲ್ಲಾಸ್ ಅರಚುತ್ತಿದ್ದಂತೆ ಅವನು ಮೆಟ್ಟಿಲು ಹಾರಿ ಓಡಿದ. ಆದರೆ ಗೇಟು ದಾಟಿದ ನೀರು ಗುಂಡಿಯ ಮಾತು ಕೇಳುವುದಿಲ್ಲ.

ಅವನು ದಡ ಮುಟ್ಟುವಾಗ ಡಿನ್ನಿ ಎದೆಮಟ್ಟದ ನೀರಿನಲ್ಲಿ ನಿಂತು ಕೊಕ್ಕೆಯನ್ನು ಕೋಟಿನ ತೋಳಿಗೆ ಹಾಕಿ ಎಳೆಯುತ್ತಿದ್ದ. ತೋಳಿನೊಳಗೆ ಏನೋ ಒಣಗಿದ ಕಟ್ಟಿಗೆಯಂತೆ ಮುರಿದದ್ದು ಆ ಮೊರೆತದಲ್ಲೂ ಕೇಳಿಸಿತು. ಆಮೇಲೆ ಕೂದಲು ಹಿಡಿದು, ಹೆಣ ಎಳೆದಂತೆ ಕಲ್ಲಿನ ಮೇಲೆ ಎಳೆದು ತಂದು ಹಾಕಿದ. ತುಂಗಮ್ಮ ಕಾರಿಕೊಂಡರು, ಕೆಮ್ಮಿದರು, ಉಸಿರೆಳೆದರು.

ಡಿನ್ನಿ ಎದ್ದು ನಿಂತವನೇ ನಂದೀಶನ ಮೂಗಿಗೆ ಹೊಡೆದ. ನಂದೀಶ ಕೈ ಅಡ್ಡ ತರಲಿಲ್ಲ. ಇನ್ನೊಂದು ಬಿತ್ತು, ದವಡೆಗೆ. ಮಂಡಿಯೂರಿದ. ಮೂರನೆಯದಕ್ಕೆ ಮುಖವನ್ನು ತಾನೇ ಎತ್ತಿ ಕೊಟ್ಟ.

ಟಪ್ಪನೆ ಸದ್ದಾಯಿತು. ಡಿನ್ನಿಯ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕೋಟಿನ ಜೇಬಿನಲ್ಲಿ ಉಳಿದುಕೊಂಡಿದ್ದ ಬಾಗಿನದ ತೆಂಗಿನಕಾಯಿಯನ್ನು ತುಂಗಮ್ಮ ನೆಟ್ಟಗಿದ್ದ ಕೈಯಿಂದ ಬೀಸಿ ಹೊಡೆದಿದ್ದರು.

“ಬಿಡೋ ನನ್ ಮಗನ್ನ, ಮೂದೇವಿ! ಅವನದೇನು ತಪ್ಪೈತೆ? ಸೈರನ್ ಹಾಕ್ಲಿಲ್ವೇನೋ ಅವ್ನು? ನಾನೇ ಕೇಳಿಸ್ಕಂಡೆ. ಶಿಫ್ಟ್ ಬಿಡ್ತು, ಬತ್ತಾನೆ, ಇಬ್ರೂ ಸೇರಿ ಬಾಗಿನ ಬಿಡಾನ ಅಂತ ಕೂತಿದ್ದೆ ಕಣೋ!”

ಡಿನ್ನಿ ರಕ್ತ ಒರೆಸಿಕೊಂಡು ಆ ಪುಟ್ಟ ಮುದುಕಿಯನ್ನೂ ಉರುಳಿಹೋದ ತೆಂಗಿನಕಾಯಿಯನ್ನೂ ನೋಡಿದ. ಎತ್ತಿದ ಮುಷ್ಟಿ ಎತ್ತಿದಂತೆಯೇ ಇತ್ತು.

“ಏನಂತೆ ಅವಳದು?” ಎಂದು ನಂದೀಶನನ್ನು ಕೇಳಿದ.

ನಂದೀಶ ಬಾಯೊಳಗಿನ ರಕ್ತ ಉಗುಳಿದ. ಅಮ್ಮನ ಕಡೆ ನೋಡಲಿಲ್ಲ.

“ಹೊಡಿ ಅಂತಿದಾಳೆ,” ಎಂದ.

ಡಿನ್ನಿ ಅವನ ಮುಖದಿಂದ ಬೈಯುತ್ತಿದ್ದ ತಾಯಿಯ ಕಡೆಗೆ ಕಣ್ಣು ಹೊರಳಿಸಿದ. ಆಮೇಲೆ ಮುಷ್ಟಿ ಬಿಚ್ಚಿ, ತನ್ನ ಬೆಲ್ಟು ಕಳಚಿ, ತುಂಗಮ್ಮನ ಮುರಿದ ಕೈಯನ್ನು ಎದೆಗೆ ಆನಿಸಿ ಕಟ್ಟತೊಡಗಿದ. ಅವರು ಬೈಯುತ್ತಲೇ ಕಟ್ಟಿಸಿಕೊಂಡರು.

ಹೊಳೆ ಇಳಿಯುತ್ತಿತ್ತು. ಬಂಡೆಗಳು ಒಂದೊಂದಾಗಿ ಬೆನ್ನು ತೋರಿಸಿದವು. ದಡದ ಸುಳಿಯಲ್ಲಿ ಬಾಗಿನದ ಮೊರವೊಂದು ಬೋರಲಾಗಿ ತಿರುಗುತ್ತಾ, ಸುತ್ತು ಬಂದಾಗೊಮ್ಮೆ ನಂದೀಶನ ಬೂಟಿಗೆ ತಾಗಿ ಹೋಗುತ್ತಿತ್ತು.