ಉಸಿರಿನ ದೂರು

ಅವನನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಿದ್ದರು. ರೆಕಾರ್ಡಿಂಗ್ ಮುಗಿದು ಎಲ್ಲರೂ ಭೇಷ್ ಅನ್ನುವ ಹೊತ್ತಿಗೆ, 'ಪಕ್ಕದ ಕೋಣೆಯ ಫ್ಯಾನು ಹಾಡಿನೊಳಗೆ ಬಂದಿದೆ, ಇನ್ನೊಂದು ಸಲ ಹಾಡಿ' ಅನ್ನುವ ಮನುಷ್ಯ. ಎದ್ದು ಹೋಗಿ ನೋಡಿದರೆ ಫ್ಯಾನು ನಿಜಕ್ಕೂ ತಿರುಗುತ್ತಿರುತ್ತಿತ್ತು. ಹೊಲಿಗೆ ಅಂಗಡಿಯ ಮೇಲಿದ್ದ ಅವನ ಸ್ಟುಡಿಯೋಗೆ ಜನ ಮೆಟ್ಟಿಲು ಹತ್ತಿ ಬರುತ್ತಿದ್ದದ್ದೇ ಆ ಹೆಸರು ಕೇಳಿ. ಗಾಜಿನ ಆಚೆ ಹಾಡುವವರ ಕೋಣೆ, ಈಚೆ ಅವನ ಮೇಜು, ಎರಡು ಸ್ಪೀಕರು, ಸೀಟು ಹರಿದು ಸ್ಪಂಜು ಹೊರಬಂದಿದ್ದ ಒಂದು ಕುರ್ಚಿ. ಅರವತ್ತು ಹತ್ತಿರವಾಗಿದ್ದರೂ ಆ ಕುರ್ಚಿಯಲ್ಲಿ ಕೂತರೆ ಅವನಿಗೆ ರಾಜನ ಗತ್ತು.

ಒಂದು ದಿನ ಸಂಗೀತ ನಿರ್ದೇಶಕರೊಬ್ಬರು ಮಕ್ಕಳ ಹಾಡುಗಳ ಕೆಲಸ ತಂದರು. "ಅಮ್ಮ ಮಗ್ಗುಲಲ್ಲಿ ಕೂತು ಹಾಡಿದ ಹಾಗಿರಬೇಕು. ಹಾಡೋಕೆ ಕಲಿತವರ ಠೀವಿ ಬೇಡ" ಅಂದರು. ಕಿವಿಯಣ್ಣನಿಗೆ ತಟ್ಟನೆ ನೆನಪಾದವಳು ನಾದಿನಿ, ಹೆಂಡತಿಯ ತಂಗಿ. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ತರಗತಿಯಲ್ಲಿ ಗಲಾಟೆ ಜಾಸ್ತಿಯಾದರೆ ಬೈಯುತ್ತಿರಲಿಲ್ಲ, ಹಾಡುತ್ತಿದ್ದಳು. ಮಕ್ಕಳು ತಾವಾಗಿಯೇ ಬಾಯಿ ಮುಚ್ಚುತ್ತಿದ್ದವು. ಬೇಡ ಬೇಡ ಅಂತ ಒಂದು ವಾರ ನುಣುಚಿಕೊಂಡು, ಕೊನೆಗೆ ಭಾವನ ಮಾತಿಗೆ ಕಟ್ಟುಬಿದ್ದು ಬಂದಳು. ಚೆನ್ನಾಗಿಯೇ ಹಾಡಿದಳು. ನಿರ್ದೇಶಕರು ಗಾಜಿನ ಈಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು.

ಹಾಡಿದ್ದನ್ನು ತಿದ್ದಿ ಹದಗೊಳಿಸುವ ಮಿಕ್ಸಿಂಗಿಗೆ ಕೂತಾಗ ಕಿವಿಯಣ್ಣನಿಗೆ ಅವಳ ಧ್ವನಿ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕಾಗಿ ಕೇಳಿಸಿತು. ಈಚೆಗೆ ಎಲ್ಲರ ಧ್ವನಿಯೂ ಹಾಗೇ ಕೇಳಿಸುತ್ತಿತ್ತು. ಮೈಕು ಹಳೆಯದಾಯಿತು ಅಂದುಕೊಂಡ. ಧ್ವನಿಯ ತೆಳುವಾದ ಮೇಲಿನ ಭಾಗವನ್ನು, ಅಂದರೆ ಟ್ರೆಬಲ್ಲನ್ನು, ಎತ್ತಿದ, ಸಾಲದು ಅನ್ನಿಸಿ ಇನ್ನಷ್ಟು ಎತ್ತಿದ. ಮೆಲುದನಿಯೂ ಮುಂದೆ ಬರಲಿ ಅಂತ ದನಿಯ ಏರಿಳಿತವನ್ನು ಸಮ ಮಾಡುವ ಕಂಪ್ರೆಸರನ್ನು ಬಿಗಿಯಾಗಿ ಒತ್ತಿದ. ಈಗ ಹೊಳಪು ಬಂತು ಅಂತ ಸಮಾಧಾನಪಟ್ಟು ಹಾಡು ಕಳಿಸಿದ.

ಮರುದಿನ ನಿರ್ದೇಶಕರ ಫೋನು. "ಕಿವಿಯಣ್ಣ, ಹಾಡಿಗಿಂತ ಉಸಿರೇ ಜಾಸ್ತಿ ಇದೆಯಲ್ಲ. ಪದಪದಕ್ಕೂ ಯಾರೋ ಕಿವಿಯೊಳಗೆ ಊದ್ತಿರೋ ಹಾಗಿದೆ. ಕೇಳಿ ನೋಡಿ ಒಂಚೂರು."

ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ವಾಲ್ಯೂಮ್ ಏರಿಸಿ ಕೇಳಿದ. ಊದುವುದೂ ಇಲ್ಲ, ಉಸಿರೂ ಇಲ್ಲ. ಮನೆಯಲ್ಲಿ ಹೆಂಡತಿ ಕೆಲವು ದಿನಗಳಿಂದ, ಶೌಚಾಲಯದ ಫ್ಲಶ್ ಟ್ಯಾಂಕು ಸುಯ್ ಅಂತಲೇ ಇದೆ, ನೀರು ಪೋಲಾಗ್ತಿದೆ ಅನ್ನುತ್ತಿದ್ದಳು. 'ಎಲ್ಲಿ ಸದ್ದು? ನಿನಗೆ ಭ್ರಮೆ' ಅಂತ ಇವನು ವಾದ ಮಾಡಿದ್ದ. ಪ್ಲಂಬರ್ ಬಂದವನು ಬಾಗಿಲಲ್ಲಿ ನಿಂತೇ, 'ಓ, ವಾಲ್ವ್ ಹೋಗಿದೆ' ಅಂದಿದ್ದ. ಅದು ಈಗ ನೆನಪಿಗೆ ಬಂತು. ಬಂದದ್ದನ್ನು ಹಾಗೇ ಅದುಮಿ ಹಾಕಿ, ನಿರ್ದೇಶಕರಿಗೆ ಫೋನು ಹಚ್ಚಿದ.

"ಹೌದು ಸಾರ್, ಕೇಳಿದೆ. ಅವಳ ಗಂಟಲೇ ಹಾಗೆ. ಗಾಳಿ ಜಾಸ್ತಿ."

ನಾದಿನಿಯನ್ನು ಮತ್ತೆ ಕರೆಸಿದ. ಮೈಕಿನಿಂದ ದೂರ ನಿಲ್ಲು ಅಂದ, ಉಸಿರು ತಗೊಳ್ಳುವಾಗ ಮುಖ ಆಚೆ ತಿರುಗಿಸು ಅಂದ. ಅವಳು ಹೇಳಿದ್ದನ್ನೆಲ್ಲ ಮಾಡಿದಳು. ಉಸಿರಿನ ಮೇಲೇ ಗಮನವಿಟ್ಟು ಹಾಡುತ್ತ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮುಖ ಕೆಂಪಾಗಿ, ಇದ್ದ ಲಾಲಿತ್ಯವೂ ಸೋರಿಹೋಯಿತು. ಸಾಲುಗಳ ನಡುವಿನ ಉಸಿರು ಕಂಪ್ಯೂಟರ್ ಪರದೆಯ ಮೇಲೆ ಸಣ್ಣ ಉಬ್ಬಿನ ಹಾಗೆ ಕಾಣುತ್ತದೆ. ಕಣ್ಣಿನಿಂದ ಹುಡುಕಿ ಹುಡುಕಿ ಅವನ್ನೆಲ್ಲ ತಗ್ಗಿಸಿದ. ಆದರೆ ಪದದೊಳಗೇ ಬೆರೆತ ಗಾಳಿ ಕಣ್ಣಿಗೆ ಸಿಗುವುದಿಲ್ಲ. ಎಲ್ಲ ಮುಗಿದ ಮೇಲೆ ಧ್ವನಿ ಮತ್ತೆ ಮಂಕು ಅನ್ನಿಸಿ, ಮೇಲಿನ ಭಾಗವನ್ನು ಮತ್ತಷ್ಟು ಎತ್ತಿದ.

ಹಾಡು ಮತ್ತೆ ವಾಪಸು ಬಂತು. ನಿರ್ದೇಶಕರು ಮೆತ್ತಗೆ, "ಬೇರೆಯವರನ್ನ ನೋಡೋಣ ಬಿಡಿ" ಅಂದರು. ನಾದಿನಿಗೆ ತಿಳಿಸುವ ಕೆಲಸ ಇವನದೇ ಆಯಿತು. ಅವಳು, "ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು ಭಾವ. ಕ್ಷಮಿಸಿಬಿಡಿ" ಅಂದಳು.

"ಇರಲಿ ಬಿಡಮ್ಮ" ಅಂದ ಕಿವಿಯಣ್ಣ. ಅವಳ ಕ್ಷಮಾಪಣೆಯನ್ನು ದೊಡ್ಡ ಮನಸ್ಸಿನವನ ಹಾಗೆ ಇಟ್ಟುಕೊಂಡುಬಿಟ್ಟ.

ಹೊಸ ಗಾಯಕಿಯದು ಗಂಟೆಯಂಥ ಕಂಠ. ಅವಳ ಹಾಡಿನ ಮಿಕ್ಸಿಂಗಿಗೆ ನಿರ್ದೇಶಕರು ತಾವೇ ಬಂದು ಪಕ್ಕದಲ್ಲಿ ಕೂತರು. ಅರ್ಧ ಹಾಡು ಕೇಳುವಷ್ಟರಲ್ಲಿ ಹುಬ್ಬು ಗಂಟಿಕ್ಕಿದರು.

"ಇವರದ್ದೂ ಉಸಿರೇನಾ? ಒಂದು ನಿಮಿಷ ಎಲ್ಲ ಆಫ್ ಮಾಡಿ. ಬರೀ ಹಾಡಿದ್ದನ್ನ ಕೇಳಿಸಿ."

ಅವನು ಎಲ್ಲವನ್ನೂ ಆಫ್ ಮಾಡಿದ. ಅವನ ಕಿವಿಗೆ ಧ್ವನಿ ಕಂಬಳಿಯೊಳಗೆ ಹೋಯಿತು. ನಿರ್ದೇಶಕರ ಮುಖ ಮಾತ್ರ ಸಡಿಲಾಯಿತು. "ನೋಡಿ, ಎಷ್ಟು ಚೊಕ್ಕವಾಗಿದೆ. ಈಗ ಮೊದಲಿನವರದು, ನಿಮ್ಮ ನಾದಿನೀದು ಹಾಕಿ. ಅದನ್ನೂ ಹಾಗೇ, ಏನೂ ಸೇರಿಸದೆ."

ಅವನು ಹಳೆಯ ಫೈಲು ಹುಡುಕಿ ತೆರೆದ. ನಾದಿನಿಯ ಧ್ವನಿ ಕೋಣೆ ತುಂಬಿತು. ನಿರ್ದೇಶಕರು ಕಣ್ಣು ಮುಚ್ಚಿ ಹಾಡು ಮುಗಿಯುವವರೆಗೂ ಕೇಳಿದರು. ಆಮೇಲೆ ಇವನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಕಿವಿಯಣ್ಣ, ನೀವು ಎತ್ತಿದಾಗ ಬರೋ ಆ ಸದ್ದು ನಿಮಗೆ ಕೇಳಿಸ್ತಿಲ್ವಾ?"

"ಕೇಳಿಸ್ತಿದೆ ಸಾರ್. ಇವತ್ತು ಸ್ವಲ್ಪ ನೆಗಡಿ."

ನಿರ್ದೇಶಕರು ಅವನ ಮುಖವನ್ನೇ ನೋಡಿದರು. ಒತ್ತಾಯ ಮಾಡಲಿಲ್ಲ. "ಸರಿ, ನೆಗಡಿ ವಾಸಿಯಾಗಲಿ" ಅಂತ ಹೇಳಿ ಎದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಮೆಟ್ಟಿಲಿಳಿದು ಹೋದ ಮೇಲೂ ಕಿವಿಯಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ. ಕೆಳಗಿನ ಅಂಗಡಿಯವರು ಏನೋ ಮಾತಾಡಿ ನಕ್ಕರೆ ತನ್ನನ್ನೇ ನೋಡಿ ನಕ್ಕ ಹಾಗಾಯಿತು.

ಮನೆಗೆ ಹೋದವನು ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಹೆಂಡತಿಗೆ ಹೇಳಿದ. ಟ್ಯಾಂಕಿನ ಸದ್ದು ಕೇಳಿಸದ್ದು, ಸಣ್ಣ ಸದ್ದುಗಳು ಯಾವತ್ತಿನಿಂದಲೋ ಕಿವಿಗೆ ಬೀಳದೆ ಹೋದದ್ದು, ಎಲ್ಲವನ್ನೂ. ಕಿವಿಯ ವಿಷಯಕ್ಕೆ ಅವಳು ಆಶ್ಚರ್ಯಪಡಲಿಲ್ಲ. "ಕನ್ನಡಕ ಬಂದ ಹಾಗೆ ಇದೂ ಬಂದಿದೆ. ಡಾಕ್ಟರ ಹತ್ರ ಹೋಗೋಣ" ಅಂದಳು. ತಂಗಿಯ ಹಾಡಿನ ಮಾತು ಬಂದಾಗ ಮಾತ್ರ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಅಂದ್ರೆ ಅವಳದ್ದೇನೂ ತಪ್ಪಿರಲಿಲ್ವಾ?"

"ಇಲ್ಲ."

"ಅವಳು ಈಗ ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಕೊಳ್ತಾಳೆ ಕಣ್ರೀ. ಯಾಕೇ ಅಂತ ನಾನೇ ಗದರಿದ್ದೆ." ಅವಳಿಗೆ ಅಳು ಬಂತು, ಅದಕ್ಕಿಂತ ಮೊದಲು ಕೋಪ ಬಂತು. "ನಾನು ಹೇಳಲ್ಲ. ನೀವೇ ಹೋಗಿ ಹೇಳಿ."

ಭಾನುವಾರ ಬೆಳಿಗ್ಗೆ ಅವನು ನಾದಿನಿಯ ಮನೆಗೆ ಹೋದ. ಹಾಡಿದ್ದನ್ನು ಹಾಡಿದ ಹಾಗೇ, ಏನೂ ಮುಟ್ಟದೆ ಫೋನಿಗೆ ಹಾಕಿಕೊಂಡು, ಹೆಡ್‌ಫೋನನ್ನು ಚೀಲದಲ್ಲಿಟ್ಟುಕೊಂಡು ಹೋದ. ಅವಳು ಮಕ್ಕಳ ಚಿತ್ರಗಳನ್ನು ಹರಡಿಕೊಂಡು ಅಂಟು ಹಚ್ಚುತ್ತಿದ್ದಳು. ಟೀ ಕೊಟ್ಟಳು. ಅವನು ಕಂಪ್ರೆಸರು, ಮೈಕು ಅಂತ ಯಂತ್ರದ ಮಾತು ಶುರುಮಾಡಿ ಅಲ್ಲೇ ಗಿರಕಿ ಹೊಡೆದ.

"ಭಾವ, ಏನು ಹೇಳ್ಬೇಕು ಅಂತಿದ್ದೀರಿ?"

"ಉಸಿರು ನಿನ್ನದಲ್ಲಮ್ಮ. ನಾನು ಹಾಕಿದ್ದು. ನನಗೆ ಅದು ಕೇಳಿಸಲ್ಲ. ಕೇಳಿಸದೆ ಎತ್ತೆತ್ತಿ ಹಾಕಿದೆ."

ಅವಳು ಅಂಟಿನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. "ನಿಮಗೆ ಯಾವಾಗ ಗೊತ್ತಾಯ್ತು?"

ಮೊನ್ನೆ ಅನ್ನಬಹುದಿತ್ತು. ಮೊನ್ನೆ ಅನ್ನುವ ಮಾತು ನಾಲಿಗೆಯ ತುದಿಗೂ ಬಂದಿತ್ತು. ತಲೆ ತಗ್ಗಿಸಿ, "ಅವರು ಮೊದಲನೇ ಸಲ ಫೋನ್ ಮಾಡಿದ ದಿನವೇ. ಗೊತ್ತಾಗಿಯೂ ನಿನ್ನ ಮೇಲೆ ಹಾಕಿದೆ" ಅಂದ.

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದಳು. "ನಾನು ಎದೆಯ ಎಕ್ಸ್‌ರೇ ತೆಗೆಸಿದೆ ಭಾವ. ಅಕ್ಕನಿಗೂ ಹೇಳದೆ. ಏನೂ ಇಲ್ಲ ಅಂತ ಡಾಕ್ಟರು ನಕ್ಕರು. ತರಗತಿಯಲ್ಲಿ ಹಾಡೋದು ಬಿಟ್ಟೆ. ಮಕ್ಕಳು ಯಾಕೆ ಮಿಸ್ ಅಂತ ಕೇಳಿದ್ರೆ ಗಂಟಲು ನೋವು ಅಂತಿದ್ದೆ."

ಅವನಿಗೆ ಕೂತ ಕುರ್ಚಿಯಲ್ಲಿ ಹಿಡಿಯಷ್ಟಾಗಿ ಹೋದ ಹಾಗಾಯಿತು. ಫೋನು ತೆಗೆದು, ಅವಳೆದುರಿಗೇ ನಿರ್ದೇಶಕರಿಗೆ ಕರೆ ಮಾಡಿದ. "ಸಾರ್, ನೆಗಡಿ ಅಲ್ಲ. ನನ್ನ ಕಿವಿ ಹೋಗಿದೆ. ನನ್ನ ನಾದಿನಿಯ ಗಂಟಲಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಹೇಳಿದ್ದು ಸುಳ್ಳು." ಆ ಕಡೆಯಿಂದ ಉತ್ತರ ಬಂತು. ಆ ಹಾಡು ಈಗಾಗಲೇ ಹೊಸಬರಿಗೆ ಹೋಗಿದೆ, ವಾಪಸು ತಗೊಳ್ಳೋಕೆ ಆಗಲ್ಲ; ಇನ್ನೊಂದು ಹಾಡು ಉಳಿದಿದೆ, ಅವರು ಒಪ್ಪಿದರೆ ಹಾಡಲಿ ಅಂದರು.

ಅವನು ಹೆಡ್‌ಫೋನನ್ನು ಅವಳ ಮುಂದಿಟ್ಟ. ಅವಳು ಹಾಕಿಕೊಂಡು ಹಾಡನ್ನು ಪೂರ್ತಿ ಕೇಳಿದಳು. ಅವನು ಅವಳ ಮುಖ ನೋಡಲು ಧೈರ್ಯ ಸಾಲದೆ ಚಿತ್ರಗಳನ್ನು ನೋಡುತ್ತ ಕೂತ.

"ಎರಡನೇ ಸಾಲಲ್ಲಿ ಶ್ರುತಿ ಇಳಿದಿದೆ" ಅಂದಳು ಕೊನೆಗೆ.

"ಹೌದು. ಅದು ಮಾತ್ರ ನಿನ್ನದೇ."

ಅವಳ ತುಟಿಯ ಮೂಲೆಯಲ್ಲಿ ನಗುವಿನಂಥದ್ದು ಒಂದು ಕ್ಷಣ ಬಂದು ಹೋಯಿತು. "ಉಳಿದ ಹಾಡು ಹಾಡ್ತೀನಿ. ಆದ್ರೆ ಮಿಕ್ಸಿಂಗ್ ನೀವು ಮಾಡಬಾರದು."

"ಮಾಡಲ್ಲ."

"ಮತ್ತೆ ನೀವು ನಮ್ಮ ಮನೆಗೆ ಸ್ವಲ್ಪ ದಿನ ಬರಬೇಡಿ ಭಾವ. ಸಿಟ್ಟಲ್ಲ. ನಿಮ್ಮನ್ನ ನೋಡಿದ್ರೆ ಆ ಎಕ್ಸ್‌ರೇ ನೆನಪಾಗುತ್ತೆ."

ಅವನು ತಲೆಯಾಡಿಸಿದ. ಆರಿಹೋದ ಟೀಯನ್ನು ಬಿಟ್ಟೇಳುವುದು ಸರಿಯಲ್ಲ ಅನ್ನಿಸಿ ಒಂದೇ ಗುಟುಕಿಗೆ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೊರಟ.

ನಾದಿನಿ ಹಾಡಿದ ಆ ಉಳಿದ ಹಾಡನ್ನು ಊರಿನ ಆಚೆ ತುದಿಯಲ್ಲಿದ್ದ, ಹಿಂದೆ ಅವನ ಹತ್ತಿರವೇ ಕೆಲಸ ಕಲಿತಿದ್ದ ಹೆಂಗಸೊಬ್ಬಳು ಮಿಕ್ಸ್ ಮಾಡಿದಳು. ಮೈಕು ಇಡುವುದು, ಹಾಡಿಸುವುದು ಇವನದು. ಮುಂದಿನದೆಲ್ಲ ಅವಳದು ಅಂತ ಅಂದಿನಿಂದ ಏರ್ಪಾಡಾಯಿತು. ಯಾಕೆ ಅಂತ ಗಿರಾಕಿಗಳು ಕೇಳಿದರೆ ಅವನು ಕಾರಣವನ್ನು ಇದ್ದ ಹಾಗೇ ಹೇಳುತ್ತಿದ್ದ. ಪ್ರತಿ ಸಲವೂ ಮುಖ ಬಿಸಿಯಾಗುತ್ತಿತ್ತು.