ಮಾತ್ರೆಗೆ ಬಗ್ಗದ ಕ್ರಿಮಿ

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಆಕೆಗೆ ಆವತ್ತು ಕುರ್ಚಿಯೇ ಮುಳ್ಳಾಗಿತ್ತು. ಉರಿಮೂತ್ರ. ಐದು ನಿಮಿಷಕ್ಕೊಮ್ಮೆ ಏಳಬೇಕು ಅನ್ನಿಸುತ್ತಿತ್ತು, ಕಿಟಕಿಯಾಚೆಯ ಸಾಲು ಕರಗುತ್ತಿರಲಿಲ್ಲ. ಎದ್ದರೆ ಜನ ಬೈಯುತ್ತಾರೆ, ಏಳದಿದ್ದರೆ ಕಿಬ್ಬೊಟ್ಟೆ ಹಿಂಡುತ್ತದೆ.

ಆ ವರ್ಷ ಇದು ಮೂರನೇ ಸಲ. ಮೊದಲ ಸಲ ಡಾಕ್ಟರು ಐದು ದಿನಕ್ಕೆ ಕೊಟ್ಟ ಆಂಟಿಬಯಾಟಿಕ್ ಮಾತ್ರೆಯನ್ನು ಎರಡೇ ದಿನಕ್ಕೆ ನಿಲ್ಲಿಸಿದ್ದಳು. ಎರಡನೇ ಸಲ ಉಳಿದದ್ದನ್ನೇ ನುಂಗಿದ್ದಳು. ಈ ಸಲ ಗಂಡನ ಗಂಟಲುನೋವಿಗೆ ತಂದು ಮಿಕ್ಕಿದ್ದ ನಾಲ್ಕು ಮಾತ್ರೆ. ಗುಣವಾದ ಮೇಲೂ ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತದೆ ಎಂಬುದು ಅತ್ತೆಯ ಮಾತು. ಆ ಮನೆಯಲ್ಲಿ ಅದಕ್ಕೆ ಎದುರಿಲ್ಲ.

ನಾಲ್ಕೂ ಮುಗಿದವು, ಉರಿ ಮುಗಿಯಲಿಲ್ಲ. ಐದನೇ ದಿನ ಬೆನ್ನಿನ ಪಕ್ಕದಲ್ಲಿ ನೋವು, ನಡುಕ, ಜ್ವರ. ಕೌಂಟರಿನಿಂದಲೇ ಆಸ್ಪತ್ರೆಗೆ ಒಯ್ದರು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು.

ಗಂಡನ ಅಕ್ಕ, ಅಂದರೆ ಅವಳ ಅತ್ತಿಗೆ, ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು. ಮೂತ್ರದಲ್ಲಿದ್ದ ಕ್ರಿಮಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ಆರು ಔಷಧಿಗಳ ಪುಟ್ಟ ಬಿಲ್ಲೆ ಇಟ್ಟರು. ಔಷಧಿ ಹತ್ತುವುದಾದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯುವುದಿಲ್ಲ. ವರದಿಗೆ ಕಾದ ಎರಡು ದಿನವೂ ಅತ್ತೆ ವಾರ್ಡಿನ ಬಾಗಿಲಿಗೂ ಮಂಚಕ್ಕೂ ನಡೆದದ್ದೇ ನಡೆದದ್ದು. ಕೊನೆಗೆ ನೋಡಿದರೆ, ಐದು ಬಿಲ್ಲೆಗಳ ಬುಡದವರೆಗೂ ಕ್ರಿಮಿ ಹಬ್ಬಿತ್ತು.

ಮಾತ್ರೆ ನುಂಗಿ ನುಂಗಿ ಸೊಸೆಯ ಮೈಯೇ ಒಗ್ಗಿಹೋಗಿರಬೇಕು ಎಂದರು ಅತ್ತೆ.

"ಒಗ್ಗಿದ್ದು ಮೈಯಲ್ಲಮ್ಮ, ಕ್ರಿಮಿ," ಎಂದರು ಅತ್ತಿಗೆ. "ಒಂದು ಕ್ರಿಮಿ ಎರಡಾಗುವಾಗ ತನ್ನ ಜೀನುಗಳನ್ನ ನಕಲು ಮಾಡುತ್ತೆ. ಆಗೊಮ್ಮೆ ಈಗೊಮ್ಮೆ ನಕಲು ತಪ್ಪುತ್ತೆ. ಆ ತಪ್ಪೇ ಕೆಲವಕ್ಕೆ ವರ. ಕೆಲವು ಔಷಧಿಯ ಅಣುವನ್ನೇ ಕತ್ತರಿಸೋ ಕಿಣ್ವ ತಯಾರಿಸ್ತವೆ. ಕೆಲವು ಒಳಗೆ ಬಂದ ಔಷಧಿನ ಪಂಪ್ ಮಾಡಿ ಹೊರಗೆ ತಳ್ತವೆ. ಇನ್ನು ಕೆಲವು, ಔಷಧಿ ಅಂಟೋ ಜಾಗದ ಆಕಾರಾನೇ ಬದಲಿಸ್ತವೆ. ನಾವು ಬೇಕಾಬಿಟ್ಟಿ ನುಂಗಿದ್ರೆ ಬಡಪಾಯಿಗಳು ಸಾಯ್ತವೆ, ಇಂಥವು ಉಳಿದು ಬೆಳೀತವೆ. ಪಕ್ಕದ ಬೇರೆ ಜಾತಿ ಕ್ರಿಮಿಗೂ ಆ ಜೀನು ದಾಟಿಸ್ತವೆ. ನಾಳೆ ಇದೇ ಕ್ರಿಮಿ ನಿನಗೆ ಅಂಟಿದರೂ ಆ ಐದು ಔಷಧಿ ಹತ್ತಲ್ಲ."

ಹಾಸಿಗೆಯಲ್ಲಿದ್ದವಳು ಮೆಲ್ಲಗೆ ಕೇಳಿದಳು: "ಆರನೇದಾದ್ರೂ ಹತ್ತುತ್ತಾ, ಅತ್ತಿಗೆ?"

"ಹತ್ತುತ್ತೆ. ಅದೊಂದೇ ಉಳಿದಿರೋದು. ಅದನ್ನೂ ಕಳ್ಕೋಬೇಡ."

ಹತ್ತು ದಿನ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಮೂರನೇ ದಿನಕ್ಕೇ ಜ್ವರ ಇಳಿದಾಗ ಅವಳಿಗೆ ಮನೆ, ಕೆಲಸ ಎಂದು ಚಡಪಡಿಕೆ. ತಡೆದದ್ದು ಅತ್ತೆಯೇ. ಡಾಕ್ಟರು ಹೇಳಿದ ದಿನ ತುಂಬುವವರೆಗೆ ಏಳಕೂಡದು ಎಂದು ಮಂಚದ ಪಕ್ಕವೇ ಕೂತರು. ಗಂಡನೂ ನೆಗಡಿಗೆಂದು ತಾನೇ ತಂದಿಟ್ಟುಕೊಂಡಿದ್ದ ಆಂಟಿಬಯಾಟಿಕ್ ಮಾತ್ರೆಯ ಪಟ್ಟಿಯನ್ನು ತಂದು ಅಕ್ಕನಿಗೆ ಒಪ್ಪಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನೆಗಡಿಗೆ ಆಂಟಿಬಯಾಟಿಕ್ ಮದ್ದಲ್ಲ. ಡಾಕ್ಟರು ಬರೆದುಕೊಡದೆ ಅದನ್ನು ನುಂಗಬೇಡಿ. ಬರೆದುಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ನುಂಗಿ, ನಡುವೆ ತೊಂದರೆಯಾದರೆ ಅವರನ್ನೇ ಕೇಳಿ. ಕೂಡಿಡಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ಹೊಸ ಔಷಧಿ ಹುಟ್ಟಲು ಹತ್ತಾರು ವರ್ಷ ಬೇಕು. ಕ್ರಿಮಿ ಒಂದು ಎರಡಾಗಲು ಅರ್ಧ ಗಂಟೆ ಸಾಕು.