ಮೈನಸ್ ಪಾಯಿಂಟ್ ಎರಡು

ಬ್ಯೂರೆಟ್ ಎಂಬ ಆ ಗೀಟು ಗೀಟಿನ ಗಾಜಿನ ಕೊಳವೆಯಲ್ಲಿ ಅಳತೆ ಓದುವುದನ್ನು ಕಲಿಸಿ ಕಲಿಸಿ ನನಗೆ ಸಾಕಾಗಿಹೋಗಿದೆ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಪಾಠ: ಕಣ್ಣು ದ್ರವದ ಮಟ್ಟಕ್ಕಿರಲಿ, ಮೇಲಿನಿಂದ ನೋಡಬೇಡಿ, ಕಂಡಷ್ಟೇ ಬರೆಯಿರಿ. 24.6 ದೊಡ್ಡದೋ 24.12 ದೊಡ್ಡದೋ ಎಂದರೆ ಬಿ.ಎಸ್ಸಿ. ಮಕ್ಕಳು ಈಗಲೂ ಹನ್ನೆರಡೇ ದೊಡ್ಡದು ಅನ್ನುತ್ತವೆ. ನನ್ನ ಕರ್ಮ!

ಆ ದಿನ ಪ್ರಾಕ್ಟಿಕಲ್ ಪರೀಕ್ಷೆ. ಕುಣಿಗಲ್‌ನಿಂದ ತುಮಕೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಮಂಡಿ ಆಗಲೇ ಸತ್ತುಹೋಗಿತ್ತು. ಮಕ್ಕಳು ಬರುವ ಮೊದಲೇ ನಾನು ಪ್ರಯೋಗ ಮಾಡಿ ಸರಿಯುತ್ತರ ಬರೆದಿಟ್ಟಿದ್ದೆ: 24.4. ಹತ್ತೊಂಬತ್ತು ಮಂದಿ ಅಷ್ಟನ್ನೇ ಬರೆದರು. ಬೆಳ್ಳಾವಿಯ ಮೋನಿಕಾ ಒಬ್ಬಳು ಮಾತ್ರ 24.6 ಬರೆದು ನಿಂತಿದ್ದಳು. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಅವಳನ್ನು ಫೇಲ್ ಮಾಡಿದವಳೂ ನಾನೇ. ಈ ಸಲವೂ ಹೋದರೆ ಮನೆಯಲ್ಲಿ ಕಾಲೇಜು ಬಿಡಿಸುತ್ತಾರೆ ಎಂದು ಅವಳೇ ಹೇಳಿಕೊಂಡಿದ್ದಳು.

"ಇನ್ನೊಂದ್ಸಲ ನೋಡೇ," ಎಂದೆ.

"ಮೂರ್ ಸಲ ನೋಡ್ದೆ ಮೇಡಂ. ಪಾಯಿಂಟ್ ಆರೇ."

ನಾನೇ ಹೋಗಿ ನಿಂತು ನೋಡಿದೆ. "ನಾಲ್ಕು ಕಣೇ! ಕಣ್ಣೆಲ್ಲಿಟ್ಕೊಂಡಿದೀಯಾ?"

ಅವಳ ಕಣ್ಣು ತುಂಬಿತು, ಆದರೆ ಅಂಕಿ ತಿದ್ದಲಿಲ್ಲ. ಹಟಮಾರಿ ಎಂದು ಮೈಯೆಲ್ಲ ಉರಿಯಿತು. ಕೆಂಪು ಪೆನ್ನು ತೆಗೆದೆ.

ಸಿಂಕಿನಲ್ಲಿ ಗಾಜು ತೊಳೆಯುತ್ತಿದ್ದ ಅಟೆಂಡರ್ ಪುಟ್ಟರಂಗಯ್ಯ ತಿರುಗಿದ. "ಬುಡಿ ಶಿವರುದ್ರಮ್ಮೋರೆ. ಆ ಮಗ ಮೈನಸ್ ಮಾಡಿಲ್ಲ, ಅಷ್ಟೇಯ."

"ಏನ್ರೀ ಮೈನಸ್ಸು?"

ಲ್ಯಾಬಿನಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಪುಟ್ಟರಂಗಯ್ಯ ಕೈ ಒರೆಸಿಕೊಂಡ.

"ತಾವು ಈಗ ಬಗ್ಗಲ್ವಲ್ಲ. ನಿಂತ್ಕಂಡೇ ಮೇಲಿಂದ ನೋಡ್ತೀರಿ, ಪಾಯಿಂಟ್ ಎರಡು ಕಮ್ಮಿ ಕಾಣ್ತದೆ. ಇವೆಲ್ಲ ಸರಿಯಾಗಿ ನೋಡಿ, ಆಮೇಲೆ ತಮಗೋಸ್ಕರ ಎರಡು ಕಳ್ದು ಬರೀತವೆ. ಮೂರು ವರ್ಷದಿಂದ ಹಿಂಗೇ ನಡೀತೈತೆ."

ಮಂಡಿ ನೋವು ಶುರುವಾಗಿಯೂ ಮೂರೇ ವರ್ಷ.

ಮೇಜಿನ ಅಂಚು ಹಿಡಿದು, ಒಂದು ಮಂಡಿ ನೆಲಕ್ಕೂರಿದೆ. ಅಯ್ಯೋ ಶಿವನೇ, ಜೀವ ಹೋದಂತಾಯಿತು. ಕಣ್ಣು ದ್ರವದ ಮಟ್ಟಕ್ಕೆ ಬಂತು. ಇಪ್ಪತ್ತನಾಲ್ಕು ಪಾಯಿಂಟ್ ಆರು.

"ಹೋದ ವರ್ಷ?" ಎಂದೆ. ಕೇಳಿದ್ದು ಮೋನಿಕಾಳನ್ನು.

"ಆಗ್ಲೂ ಕಂಡಿದ್ದೇ ಬರ್ದಿದ್ದೆ ಮೇಡಂ."

"ಎಲ್ಲರ ಥರ ಎರಡು ಕಳೆದ್ಬಿಟ್ಟಿದ್ರೆ ಪಾಸಾಗ್ತಿದ್ದೆ ಅಲ್ವೇನೇ?"

"ಕಂಡಷ್ಟೇ ಬರೀರಿ ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನೆಲದಲ್ಲಿ ಕೂತೇ ನನ್ನ ಸರಿಯುತ್ತರದ ಹಾಳೆ ತರಿಸಿಕೊಂಡು, 24.4ರ ಮೇಲೆ ಕೆಂಪು ಗೀಟು ಎಳೆದು 24.6 ಎಂದು ಬರೆದೆ. ಉಳಿದ ಹತ್ತೊಂಬತ್ತು ಮಂದಿಗೆ ಮತ್ತೆ ಓದಿ ಬರೆಯಲು ಹೇಳಿದೆ. ಇವಳ ಕಳೆದುಹೋದ ಒಂದು ವರ್ಷವನ್ನು ಮಾತ್ರ ಯಾವ ಹಾಳೆಯಲ್ಲಿ ತಿದ್ದಲಿ?

ಏಳಲು ಹೋದರೆ ಮಂಡಿ ಕೇಳಲಿಲ್ಲ. ಮೋನಿಕಾ ಎರಡೂ ಕೈಯಲ್ಲಿ ನನ್ನ ತೋಳು ಹಿಡಿದು ಎಬ್ಬಿಸಿದಳು.

"ನಿಧಾನ ಮೇಡಂ," ಎಂದಳು. "ಮುಂದಿನ್ಸಲ ಸ್ಟೂಲ್ ತಂದಿಡ್ತೀನಿ."